ಕಟ್ಟಿಗೆಯಿಂದ ಕಾರ್ಬನ್‌ವರೆಗೆ: ಪೂಲ್ ಆಡೋ ಕೋಲು ಹೆಂಗ ಬದಲಾಗ್ತಾ ಬಂತು?

ಹಾವೇರಿ: ಪೂಲ್ ಟೇಬಲ್ ಸುತ್ತ ನಿಲ್ಲೋ ಹುಡುಗ್ರ ಬಾಯಲ್ಲಿ ಈಗ ಒಂದೇ ಪ್ರಶ್ನೆ. ಕಾರ್ಬನ್ ಸ್ಟಿಕ್ ತಗೋಬೇಕಾ, ಕಟ್ಟಿಗೇದೇ ಸಾಕಾ? ಫೋನ್‌ನಲ್ಲಿ ರೀಲ್ಸ್ ನೋಡಿ ಕರೀ ಬಣ್ಣದ ಕೋಲಿಗೆ ಮನಸೋತು, ಎರಡು ತಿಂಗಳ ಪಗಾರ ಕೂಡಿಸಿ ಆರ್ಡರ್ ಮಾಡೋಕೆ ಹೊರಟವರಿದ್ದಾರೆ. ಅತ್ತ ಟೇಬಲ್ ಹಾಕಿರೋ ಅಂಗಡಿಯವರದ್ದು ಬೇರೆ ಚಿಂತೆ. ಗೋಡೆಗೆ ಆನಿಸಿಟ್ಟ ಆರು ಕೋಲಿನಾಗ ನಾಲ್ಕು ಸೊಟ್ಟ, ಒಂದಕ್ಕೆ ತುದಿಯೇ ಇಲ್ಲ. ಗಿರಾಕಿ ಬಂದವನು ಇದ್ದುದರಲ್ಲಿ ನೆಟ್ಟಗಿರೋ ಒಂದೇ ಕೋಲಿಗೆ ಪಾಳಿ ಹಚ್ತಾನೆ.

ಎರಡೂ ಕಡೆ ರೊಕ್ಕದ ಮಾತು. ಅದಕ್ಕೇ ಈ ಕೋಲು, ಆಟದ ಭಾಷೆಯಲ್ಲಿ ಕ್ಯೂ, ಎಲ್ಲಿಂದ ಬಂತು, ಹೆಂಗ ಮಾಡ್ತಾರೆ, ಯಾಕೆ ಇನ್ನೂ ಬದಲಾಗ್ತಾನೇ ಇದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳೋ ಪ್ರಯತ್ನ ಇದು. ಓದಿದ ಮೇಲೆ ರೊಕ್ಕ ಎಲ್ಲಿ ಹಾಕಬೇಕು ಅನ್ನೋದು ನಿಮ್ಮ ತೀರ್ಮಾನ.

ಕ್ಯೂ ಅಂದ್ರೆ ಬಾಲ

ಬಿಲಿಯರ್ಡ್ಸ್ ಮೊದಲು ಅಂಗಳದ ಆಟ. ಯುರೋಪಿನಲ್ಲಿ ಹುಲ್ಲಿನ ಮೇಲೆ ಚೆಂಡು ನೂಕಿ ಆಡ್ತಿದ್ದರು. 15ನೇ ಶತಮಾನದಲ್ಲಿ ಫ್ರಾನ್ಸಿನ ರಾಜ 11ನೇ ಲೂಯಿ ಅರಮನೆ ಒಳಗೆ ಟೇಬಲ್ ಹಾಕಿಸಿಕೊಂಡಿದ್ದ. ಹುಲ್ಲಿನ ನೆನಪಿಗೆ ಟೇಬಲ್ ಮೇಲೆ ಹಸಿರು ಬಟ್ಟೆ ಬಂತು. ಇವತ್ತಿಗೂ ಸ್ನೂಕರ್ ಟೇಬಲ್ ಹಸಿರೇ ಇರೋದು ಅದೇ ಕಾರಣಕ್ಕೆ.

ಆಗ ಚೆಂಡು ಹೊಡೆಯೋಕೆ ಇದ್ದದ್ದು ಈಗಿನ ಕೋಲಲ್ಲ. ತುದಿಗೆ ದಪ್ಪನೆಯ ಮರದ ತಲೆ ಇರೋ ಹಿಡಿಕೆ, ಅದರ ಹೆಸರು ಮೇಸ್. ಅದರಲ್ಲಿ ಚೆಂಡನ್ನ ನೂಕಬೇಕಿತ್ತು. ಆದ್ರೆ ಚೆಂಡು ಟೇಬಲ್ಲಿನ ದಂಡೆಗೆ ಅಂಟಿ ನಿಂತರೆ ಆ ದಪ್ಪ ತಲೆ ಒಳಗೆ ಹೋಗ್ತಿರಲಿಲ್ಲ. ಆಡೋರು ಏನು ಮಾಡಿದ್ರು? ಮೇಸ್ ತಿರುಗಿಸಿ ಅದರ ಹಿಡಿಕೆಯ ಸಣ್ಣ ತುದಿಯಿಂದ ಹೊಡೆದರು. ಆ ಹಿಂದಿನ ತುದಿಗೆ ಫ್ರೆಂಚಿನಲ್ಲಿ ‘ಕ್ಯೂ’ ಅಂದ್ರು. ಅಂದ್ರೆ ಬಾಲ. ಬರಬರ್ತಾ ತಲೆ ಹೋಯ್ತು, ಬಾಲ ಉಳೀತು. ರೇಷನ್ ಅಂಗಡಿ ಮುಂದೆ ನಾವು ನಿಲ್ಲೋ ಕ್ಯೂ ಕೂಡ ಅದೇ ಶಬ್ದ, ಅದೂ ಬಾಲವೇ.

ಚರ್ಮದ ಸಣ್ಣ ತುಣುಕು ಆಟಾನೇ ಬದಲಿಸಿತು

ಕ್ಯೂ ತಯಾರಿಕೆಯಲ್ಲಿ ಈವರೆಗೆ ಆದ ದೊಡ್ಡ ಬದಲಾವಣೆ ಯಾವುದು ಅಂತ ಕೇಳಿದ್ರೆ ನಾನು ಕಾರ್ಬನ್ ಅನ್ನೋದಿಲ್ಲ. ತುದಿಗೆ ಅಂಟಿಸೋ ಚರ್ಮ ಅಂತೀನಿ.

ಬರೀ ಕಟ್ಟಿಗೆ ತುದಿಯಿಂದ ಚೆಂಡಿನ ನಟ್ಟನಡುವೆ ಹೊಡೆದ್ರೆ ಸರಿ, ಸ್ವಲ್ಪ ಬದಿಗೆ ಹೊಡೆದ್ರೆ ಜಾರತಿತ್ತು. ಹಂಗಾಗಿ ಚೆಂಡಿಗೆ ಬೇಕಾದಂಗೆ ತಿರುಗು ಕೊಡೋಕೆ ಆಗ್ತಿರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸ್ ಸೈನ್ಯದ ಕ್ಯಾಪ್ಟನ್ ಫ್ರಾಂಸ್ವಾ ಮಿಂಗೋ ಅನ್ನೋನು ತುದಿಗೆ ಚರ್ಮ ಹಚ್ಚಿ ಆಡಿ ತೋರಿಸಿದ. ಜೈಲಿನಲ್ಲಿದ್ದಾಗ ಇದನ್ನ ಕಂಡುಹಿಡಿದ ಅಂತ ಕಥೆ ಇದೆ. ಮುಂದೆ ಹೋದ ಚೆಂಡು ತಾನಾಗಿ ಹಿಂದೆ ಬರೋದನ್ನ ನೋಡಿ ಮಂದಿ ಬೆರಗಾದರು. 1827ರಲ್ಲಿ ಮಿಂಗೋ ಈ ಆಟದ ಬಗ್ಗೆ ಪುಸ್ತಕವನ್ನೂ ತಂದ.

ಅದರ ಬೆನ್ನಿಗೆ ಬಂತು ಚಾಕ್. ಇಂಗ್ಲೆಂಡಿನ ಬಾತ್ ಊರಿನಲ್ಲಿ ಜಾನ್ ಕಾರ್ ಅನ್ನೋ ಆಟಗಾರ ತುದಿಗೆ ಪುಡಿ ಹಚ್ಚಿ ಆಡ್ತಿದ್ದ, ಅದನ್ನ ‘ತಿರುಗೋ ಪುಡಿ’ ಅಂತ ಮಾರ್ತಾನೂ ಇದ್ದ. ವ್ಯಾಪಾರ ಅಂದ್ರೆ ಹಂಗಿರಬೇಕು. ಈಗ ನಾವು ಹಚ್ಚೋ ನೀಲಿ ಕ್ಯೂಬ್ ಶಾಲೆಯ ಚಾಕ್‌ಪೀಸ್ ಜಾತಿದಲ್ಲ. 1897ರಲ್ಲಿ ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ಮಿಶ್ರಣದಿಂದ ಬಂದದ್ದು. ಅದರಲ್ಲಿ ಸಿಲಿಕಾ, ಸಾಣೆ ಹಿಡಿಯೋಕೆ ಬಳಸೋ ಜಾತಿಯ ಗಟ್ಟಿ ಪುಡಿ ಇರ್ತದೆ. ಕೇರಮ್ ಬೋರ್ಡಿಗೆ ಪೌಡರ್ ಹಾಕೋದು ಜಾರಲಿ ಅಂತ, ಇಲ್ಲಿ ಚಾಕ್ ಹಚ್ಚೋದು ಜಾರಬಾರದು ಅಂತ. ಹೊಸಬರು ಇದನ್ನೇ ಉಲ್ಟಾ ತಿಳ್ಕೊಂಡಿರ್ತಾರೆ.

ಕ್ಯೂ ಬದಲಾದಂಗೆ ಟೇಬಲ್ ಕೂಡ ಬದಲಾಯ್ತು. ಲಂಡನ್ನಿನ ಜಾನ್ ಥರ್ಸ್ಟನ್ ಕಂಪನಿ 1820ರ ದಶಕದಲ್ಲಿ ಮರದ ಹಲಗೆ ಜಾಗಕ್ಕೆ ಸ್ಲೇಟ್ ಕಲ್ಲು ತಂತು, ಆಮೇಲೆ ದಂಡೆಗೆ ರಬ್ಬರ್ ಬಂತು. ಆನೆದಂತದ ಚೆಂಡಿಗೆ ಬದಲಿ ಹುಡುಕೋ ಓಟದಲ್ಲೇ ಅಮೆರಿಕದ ಜಾನ್ ಹಯಾಟ್ 1869-70ರ ಹೊತ್ತಿಗೆ ಸೆಲ್ಯುಲಾಯ್ಡ್ ತಯಾರಿಸಿದ. ಪ್ಲಾಸ್ಟಿಕ್ ಉದ್ಯಮದ ಹುಟ್ಟಿನ ಹಿಂದೆ ಬಿಲಿಯರ್ಡ್ಸ್ ಚೆಂಡು ಇದೆ ಅಂದ್ರೆ ನಂಬೋದು ಕಷ್ಟ, ಆದ್ರೆ ನಿಜ.

ನಮ್ಮ ಕಡೆಗೂ ನಂಟಿದೆ

ಸ್ನೂಕರ್ ಹುಟ್ಟಿದ್ದು ಇಂಡಿಯಾದಲ್ಲೇ. 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೈನ್ಯದ ಅಧಿಕಾರಿ ನೆವಿಲ್ ಚೇಂಬರ್ಲಿನ್ ಇದನ್ನ ಶುರು ಮಾಡಿದ ಅಂತ ಒಪ್ಪಿಕೊಂಡಿದ್ದಾರೆ. ಮುಂದೆ ಬ್ರಿಟನ್ ಪ್ರಧಾನಿ ಆದ ಚೇಂಬರ್ಲಿನ್ ಬೇರೆ, ಇವ ಬೇರೆ. ಆಟದ ನಿಯಮ ಬರೆದು ಗೋಡೆಗೆ ಹಚ್ಚಿದ್ದು 1882ರಲ್ಲಿ, ಊಟಿ ಕ್ಲಬ್ಬಿನಲ್ಲಿ. ಮೈಸೂರು ದಾಟಿ ಗುಂಡ್ಲುಪೇಟೆ ಮೇಲೆ ಹಾಯ್ದು ಟ್ರಿಪ್ ಹೋಗ್ತೀವಲ್ಲ, ಅದೇ ಊಟಿ.

1958ರಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದಾಗ, ಯಾವುದೇ ಆಟದಲ್ಲಿ ವೈಯಕ್ತಿಕ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಅನ್ನಿಸಿಕೊಂಡರು. ನಮ್ಮ ರಾಜ್ಯದ ಮಟ್ಟಿಗೆ ಬಂದ್ರೆ ಬೆಂಗಳೂರಿನ ಪಂಕಜ್ ಅಡ್ವಾಣಿ. ಹುಟ್ಟಿದ್ದು ಪುಣೆಯಲ್ಲಿ, ಬೆಳೆದದ್ದು, ಅರವಿಂದ ಸವೂರ್ ಕೈಯಲ್ಲಿ ಕಲಿತದ್ದು ಬೆಂಗಳೂರಿನಲ್ಲಿ. 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ, 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಬಿಲಿಯರ್ಡ್ಸ್ ಗೆದ್ದು 28ನೇ ವಿಶ್ವ ಪ್ರಶಸ್ತಿ. 2018ರಲ್ಲಿ ಪದ್ಮಭೂಷಣ. ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಕೂಡ ಬೆಂಗಳೂರಿನವರೇ.

ಇಷ್ಟಾದ್ರೂ ನಮ್ಮಲ್ಲಿ ಸ್ನೂಕರ್ ಆಡೋಕೆ ಹೋಗ್ತೀನಿ ಅಂದ್ರೆ ಮನೆಯಲ್ಲಿ ‘ಪೋಲಿ ಆಟ’ ಅಂತ ಬೈಗುಳ ತಪ್ಪಿದ್ದಲ್ಲ. ಬೆಟ್ಟಿಂಗ್ ಕಟ್ಟೋರು ಸೇರಿ ಹೆಸರು ಕೆಡಿಸಿದ್ದೂ ಸುಳ್ಳಲ್ಲ. ಅದು ಬೇರೆಯೇ ಸುದ್ದಿ, ಇನ್ನೊಮ್ಮೆ ಬರೀಬೇಕು.

ಮೆಣಸಿನಕಾಯಿ ತೇವ, ಕಟ್ಟಿಗೆ ತೇವ

ಈಗ ಮುಖ್ಯ ವಿಷಯ, ಕಟ್ಟಿಗೆ ಕ್ಯೂ ಮಾಡೋದು ಹೆಂಗ?

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ ಮುಂದೆ ನಿಂತವರಿಗೆ ಇದು ಬೇಗ ತಿಳೀತದೆ. ಮೆಣಸಿನಕಾಯಿ ಚೀಲದಲ್ಲಿ ಕೈ ಹಾಕಿ ಮುರಿದು ನೋಡಿದ ಕೂಡಲೇ ಖರೀದಿದಾರ ತೇವ ಎಷ್ಟಿದೆ ಅಂತ ಅಂದಾಜು ಹೇಳ್ತಾನೆ. ತೇವ ಜಾಸ್ತಿ ಇದ್ರೆ ರೇಟ್ ಬೀಳ್ತದೆ, ಇಟ್ಟರೆ ಬೂಸ್ಟ್ ಹಿಡೀತದೆ. ತೀರಾ ಒಣಗಿಸಿದ್ರೆ ಪುಡಿಪುಡಿ. ಕ್ಯೂ ಮಾಡೋರ ಅರ್ಧ ಕೆಲಸ ಇದೇ ತೇವದ ಜೊತೆ ಜಗಳ.

ಸ್ನೂಕರ್ ಕೋಲಿಗೆ ಹೆಚ್ಚಾಗಿ ಬಳಸೋದು ಆ್ಯಶ್ ಅನ್ನೋ ಮರ, ಮುಖ್ಯವಾಗಿ ಉತ್ತರ ಅಮೆರಿಕದ್ದು. ಅದರ ಮೈಮೇಲೆ ಗೆರೆ ಎದ್ದು ಕಾಣ್ತದೆ, ಕೋಲಿನ ಉದ್ದಕ್ಕೂ ಬಾಣದ ತುದಿಯಂತಹ ಗುರುತು ಒಂದರ ಹಿಂದೆ ಒಂದು. ಪೂಲ್ ಕೋಲಿಗೆ ಮೇಪಲ್, ನುಣುಪು, ಗೆರೆ ಕಮ್ಮಿ. ಇವೆರಡೂ ನಮ್ಮಲ್ಲಿ ಬೆಳೆಯೋ ಮರ ಅಲ್ಲ. ಹಿಡಿಕೆ ಭಾಗಕ್ಕೆ ಕರಿಮರ ಅಂದ್ರೆ ಎಬೊನಿ, ಮತ್ತೆ ಬೀಟೆ. ಇವು ಮಾತ್ರ ನಮ್ಮ ಪಶ್ಚಿಮ ಘಟ್ಟದ ಕಡೆಯವು.

ಮರ ಕೊಯ್ದ ಕೂಡಲೇ ಕೋಲು ಮಾಡೋಕೆ ಬರೋದಿಲ್ಲ. ಮೊದಲು ಒಣಗಿಸಬೇಕು. ಆಮೇಲೆ ಚೌಕದ ಪಟ್ಟಿ ಕೊಯ್ದು, ಲೇಥಿಗೆ ಹಾಕಿ ಸ್ವಲ್ಪ ಮೈ ತೆಗೆದು, ನೇತುಹಾಕಿ ಬಿಡ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಸ್ವಲ್ಪ ತೆಗೀತಾರೆ. ಮತ್ತೆ ನೇತುಹಾಕ್ತಾರೆ. ಒಳ್ಳೆ ಕಾರೀಗರರ ಹತ್ರ ಒಂದು ಕೋಲು ಹಿಂಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತೂಗಾಡ್ತಾ ಇರ್ತದೆ. ಯಾಕಂದ್ರೆ ಮರದೊಳಗೆ ಬಿಗುವು ಇರ್ತದೆ. ಒಂದು ಪದರ ತೆಗೆದಾಗ ಆ ಬಿಗುವು ಸಡಿಲಾಗಿ ಕೋಲು ಯಾವ ಕಡೆಗೆ ಬಾಗಬೇಕೋ ಬಾಗ್ತದೆ. ಬಾಗಿದ್ದನ್ನ ಪಕ್ಕಕ್ಕೆ ಹಾಕ್ತಾರೆ, ನೆಟ್ಟಗೆ ನಿಂತದ್ದು ಮುಂದೆ ಹೋಗ್ತದೆ. ಒಂದೇ ಸಲ ತೆಗೆದು ಪಾಲಿಶ್ ಹೊಡೆದು ಮಾರಿದ ಕೋಲು ಮಾರಿದವನ ಅಂಗಡಿಯಲ್ಲಿ ನೆಟ್ಟಗಿರ್ತದೆ, ನಮ್ಮನೆಗೆ ಬಂದ ಮೇಲೆ ಬಾಗ್ತದೆ. ಏಪ್ರಿಲ್‌ನ ಒಣ ಬಿಸಿಲು, ಜುಲೈನ ಜಡಿಮಳೆ ಎರಡನ್ನೂ ಅದು ಇಲ್ಲೇ ಮೊದಲ ಸಲ ನೋಡೋದು.

ಊರಾಗಿನ ಬಡಿಗೇರರನ್ನ ಕೇಳಿದ್ರೆ ಇದರಲ್ಲಿ ಹೊಸದೇನೂ ಇಲ್ಲ ಅಂತಾರೆ. ಬಂಡಿಗೆ, ಕೂರಿಗೆಗೆ ಜಾಲಿ ಕಟ್ಟಿಗೆ ತಂದು ಹಸಿದು ಬಳಸ್ತಾರಾ? ಇಲ್ಲ. ಕೊಡ್ಲಿ ಕಾವಿಗೂ ಗೆರೆ ನೆಟ್ಟಗಿರೋ ಕಟ್ಟಿಗೇನೇ ಹುಡುಕ್ತಾರೆ, ಗೆರೆ ಅಡ್ಡ ಹಾಯ್ದಿದ್ರೆ ಹೊಡೆತಕ್ಕೆ ಅಲ್ಲೇ ಸೀಳ್ತದೆ. ಕ್ಯೂ ಆರಿಸೋದೂ ಅದೇ ಲೆಕ್ಕ, ಗೆರೆ ಬುಡದಿಂದ ತುದಿವರೆಗೆ ಹಾಯ್ದು ಹೋಗಿರಬೇಕು. ಲೇಥ್ ಮೇಲೆ ಕಟ್ಟಿಗೆ ತಿರುವೋದರಲ್ಲಿ ರಾಜ್ಯಕ್ಕೇ ಹೆಸರು ತಂದ ಚನ್ನಪಟ್ಟಣದವರು ಗೊಂಬೆಗೆ ಬಳಸೋದು ಆಲೆ ಮರ. ಅದು ಗೊಂಬೆಗೆ ಹೇಳಿ ಮಾಡಿಸಿದ್ದು, ಆದ್ರೆ ಕ್ಯೂಗೆ ಬೇಕಾದ ಗಡಸು, ಬಾಗಿ ಮತ್ತೆ ನೆಟ್ಟಗಾಗೋ ಗುಣ ಬೇರೆ.

ಹಿಡಿಕೆಯ ಜೋಡಣೆ: ಕಮಾನೋ, ಮೊನೆಯೋ?

ಸ್ನೂಕರ್ ಕೋಲಿನ ಹಿಡಿಕೆ ನೋಡ್ರಿ. ಕರೀ ಮರ, ಬಿಳೀ ಮರ ಒಂದರೊಳಗೊಂದು ನುಗ್ಗಿದಂಗೆ ಕಾಣ್ತದೆ. ಅದು ಬಣ್ಣ ಅಲ್ಲ, ಜೋಡಣೆ. ಇದಕ್ಕೆ ಸ್ಪ್ಲೈಸ್ ಅಂತಾರೆ.

ಕೈಯಿಂದ ಮಾಡೋದಾದ್ರೆ, ಆ್ಯಶ್ ಕೋಲಿನ ಬುಡದಲ್ಲಿ ಒಂದು ಮಗ್ಗುಲು ಚಪ್ಪಟೆ ಮಾಡಿ ಕರಿಮರದ ತುಂಡು ಅಂಟಿಸ್ತಾರೆ. ಅಂಟು ಒಣಗಿದ ಮೇಲೆ ಎದುರು ಮಗ್ಗುಲು. ಆಮೇಲೆ ಉಳಿದೆರಡು. ನಾಲ್ಕೂ ಆದ ಮೇಲೆ ಉಜ್ಜುಗೊರಡು ಹಾಕಿ ಗುಂಡಗೆ ಮಾಡ್ತಾರೆ. ಗುಂಡಗೆ ಆಗ್ತಾ ಆಗ್ತಾ ಕರೀ ಮರದ ಮೇಲ್ತುದಿ ದೇವಸ್ಥಾನದ ಕಮಾನಿನಂಗೆ ದುಂಡಗೆ ಕಾಣೋಕೆ ಶುರು ಆಗ್ತದೆ. ಮಷಿನ್‌ನಲ್ಲಿ ಮಾಡಿದ್ದು ಹಂಗಿರಲ್ಲ. ಎರಡೂ ಮರಕ್ಕೆ ವಿ ಆಕಾರದ ಗಾಡಿ ಹೊಡೆದು ಒಂದರಲ್ಲೊಂದು ಕೂರಿಸ್ತಾರೆ, ಅದಕ್ಕೇ ಮೊನೆ ಚೂಪು. ‘ಕೈಕೆಲಸದ್ದು’ ಅಂತ ಹೇಳಿ ಯಾರಾದ್ರೂ ಜಾಸ್ತಿ ರೇಟ್ ಕೇಳಿದ್ರೆ ಮೊದಲು ಮೊನೆ ನೋಡಬೇಕು. ಚೂಪಿದ್ರೆ ಮಷಿನ್ನು. ಮಷಿನ್‌ದು ಕೆಟ್ಟದ್ದು ಅಂತಲ್ಲ, ಚೆನ್ನಾಗಿ ಕೂತಿದ್ರೆ ಅದೂ ಗಟ್ಟಿನೇ. ಆದ್ರೆ ಕೈಕೆಲಸದ ರೇಟ್ ಕೊಡೋದು ಯಾಕೆ?

ಬುಡದೊಳಗೆ ಸೀಸ ತುಂಬಿ ತೂಕ ಹೊಂದಿಸ್ತಾರೆ. ತುದಿಗೆ ಹಿತ್ತಾಳೆ ಉಂಗುರ, ಅದಕ್ಕೆ ಫೆರುಲ್ ಅಂತ ಹೆಸರು. ಸ್ನೂಕರ್ ಕೋಲಿನ ತುದಿ ಸುಮಾರು 9.5ರಿಂದ 10 ಮಿ.ಮೀ., ಪೂಲ್ ಕೋಲಿನದ್ದು 12ರಿಂದ 13 ಮಿ.ಮೀ. ಪೂಲ್ ಚೆಂಡು 57 ಮಿ.ಮೀ., ಸ್ನೂಕರ್ ಚೆಂಡು 52.5 ಮಿ.ಮೀ., ಹಂಗಾಗಿ ಕೋಲಿನ ತುದಿಯೂ ಬೇರೆ. ಒಂದೇ ಕೋಲಿನಲ್ಲಿ ಎರಡೂ ಆಟ ಆಡಿಸೋ ಅಂಗಡಿಗಳಲ್ಲಿ ಆಟ ಕೆಡೋದು ಇಲ್ಲೇ.

ಅಂತಾರಾಷ್ಟ್ರೀಯ ನಿಯಮ ಬಾಳ ಸಡಿಲ ಇದೆ. ಸ್ನೂಕರ್ ಕೋಲು 3 ಅಡಿಗಿಂತ ಗಿಡ್ಡ ಇರಬಾರದು, ರೂಢಿಯ ಆಕಾರ ಇರಬೇಕು. ಪೂಲ್ ಕೋಲು ಕನಿಷ್ಠ 40 ಇಂಚು, ತೂಕ 25 ಔನ್ಸ್ ಅಂದ್ರೆ ಸುಮಾರು 709 ಗ್ರಾಂ ಮೀರಬಾರದು, ತುದಿ 14 ಮಿ.ಮೀ. ಒಳಗೆ. ಇಷ್ಟರೊಳಗೆ ಏನು ಬೇಕಾದ್ರೂ ಮಾಡಬಹುದು. ತಯಾರಕರಿಗೆ ಹೊಸ ಹೊಸ ಪ್ರಯೋಗಕ್ಕೆ ದಾರಿ ಬಿಟ್ಟದ್ದೇ ಈ ಸಡಿಲ ನಿಯಮ.

ಅಮೆರಿಕದ ಬಡಿಗೇರ

ಪೂಲ್ ಕೋಲನ್ನ ಕಲೆ ಮಟ್ಟಕ್ಕೆ ಒಯ್ದವರಲ್ಲಿ ಜಾರ್ಜ್ ಬಲಬುಷ್ಕಾ ಹೆಸರು ದೊಡ್ಡದು. ರಷ್ಯಾದಲ್ಲಿ ಹುಟ್ಟಿ 1924ರಲ್ಲಿ ಹುಡುಗನಿದ್ದಾಗ ಅಮೆರಿಕಕ್ಕೆ ಬಂದವ, ಕಟ್ಟಿಗೆ ಕೆಲಸ ಗೊತ್ತಿದ್ದವ. 1959ರಲ್ಲಿ ಗೆಳೆಯರಿಗೆ ಅಂತ ಕ್ಯೂ ಮಾಡೋಕೆ ಶುರು ಮಾಡಿದ, 1975ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನ ಕೋಲು ಅಂದ್ರೆ ಮಾನದಂಡ ಆಗಿತ್ತು. 1986ರ ‘ದಿ ಕಲರ್ ಆಫ್ ಮನಿ’ ಸಿನಿಮಾದಲ್ಲಿ ಟಾಮ್ ಕ್ರೂಸ್ ಕೈಯಲ್ಲಿ ಬಲಬುಷ್ಕಾ ಅಂತ ತೋರಿಸಿದ ಕೋಲು ಅಸಲಿಗೆ ಜಾಸ್ ಅನ್ನೋ ಇನ್ನೊಂದು ಕಂಪನಿದು. ಅಸಲಿ ಅಷ್ಟು ಬೆಲೆಬಾಳೋ ವಸ್ತು ಆಗಿಬಿಟ್ಟಿತ್ತು.

ನಡುವೆ ಬಿಚ್ಚಿ ಜೋಡಿಸೋ ಎರಡು ತುಂಡಿನ ಕೋಲು ಈಗ ಎಲ್ಲಾ ಕಡೆ ಇದೆ. ಪೂಲ್ ಕೋಲು ನಟ್ಟನಡುವೆ ಬಿಚ್ತದೆ, ಸ್ನೂಕರ್ ಕೋಲು ಹೆಚ್ಚಾಗಿ ಮುಕ್ಕಾಲು ಭಾಗದಲ್ಲಿ ಬಿಚ್ತದೆ, ಮುಂದಿನ ಮರ ಉದ್ದಕ್ಕೆ ಒಂದೇ ಇರಲಿ ಅಂತ. ಹಿಡಿಕೆ ಮೇಲಿನ ಮುತ್ತಿನ ಚಿಪ್ಪಿನ ಚಿತ್ತಾರಕ್ಕೆ ಮುಂಚೆ ಕೈಯಿಂದ ಗುಳಿ ತೋಡ್ತಿದ್ದರು, ಈಗ ಕಂಪ್ಯೂಟರ್ ನಡೆಸೋ ಮಷಿನ್ ತೋಡ್ತದೆ. ಅಂದದ ಮರ ಬಾಗಬಾರದು ಅಂತ ಅದರ ಹೊಟ್ಟೆ ಕೊರೆದು ಒಳಗೆ ನೆಟ್ಟನೆಯ ಮೇಪಲ್ ತೂರಿಸ್ತಾರೆ. ಹೊರಗೆ ಒಂದು ಮರ, ಒಳಗೆ ಒಂದು ಮರ.

ಬದಿಗೆ ಹೊಡೆದ್ರೆ ಚೆಂಡು ಯಾಕೆ ಸರೀತದೆ?

ಆಡೋರಿಗೆ ಗೊತ್ತು. ಚೆಂಡಿನ ಎಡಮಗ್ಗುಲಿಗೆ ಹೊಡೆದ್ರೆ ಅದು ಗುರಿ ಬಿಟ್ಟು ಸ್ವಲ್ಪ ಬಲಕ್ಕೆ ಸರಿದು ಹೋಗ್ತದೆ. ಇದನ್ನ ಡಿಫ್ಲೆಕ್ಷನ್ ಅಂತಾರೆ. ಹಳೇ ಆಟಗಾರರು ಅಂದಾಜಿನಲ್ಲೇ ಗುರಿ ಸರಿಪಡಿಸಿಕೊಳ್ತಿದ್ದರು.

ಕಾರಣ ಕೋಲಿನ ಮುಂದಿನ ಕೆಲವು ಇಂಚಿನ ತೂಕ. ಸಂತೆಯಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿದಾಗ ಏನಾಗ್ತದೆ? ಭಾರ ಇದ್ದವನು ಅಲುಗಾಡೋದಿಲ್ಲ, ಎದುರಿನವನು ಸರೀತಾನೆ. ಹಗುರ ಇದ್ದವನಾದ್ರೆ ಅವನೇ ಸರೀತಾನೆ. ಕೋಲಿನ ತುದಿ ಭಾರ ಇದ್ರೆ ಚೆಂಡನ್ನ ಬದಿಗೆ ತಳ್ತದೆ, ಹಗುರ ಇದ್ರೆ ತುದಿಯೇ ಸರಿದುಕೊಂಡು ಚೆಂಡಿಗೆ ದಾರಿ ಬಿಡ್ತದೆ.

ಅಮೆರಿಕದ ಪ್ರಿಡೇಟರ್ ಕಂಪನಿಯವರು ‘ಐರನ್ ವಿಲ್ಲಿ’ ಅನ್ನೋ ಹೆಸರಿನ ರೋಬೋ ಮಾಡಿ ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಹೊಡೆಸಿ ಇದನ್ನ ಅಳೆದರು. 1990ರ ದಶಕದಲ್ಲಿ ಅವರ 314 ಅನ್ನೋ ಶಾಫ್ಟ್ ಬಂತು. ಒಂದೇ ಮರದ ಬದಲು ಹೋಳಿಗೆ ಕತ್ತರಿಸಿದಂಗೆ ಹತ್ತು ತ್ರಿಕೋನ ತುಂಡು ಅಂಟಿಸಿ, ಮುಂದಿನ ಭಾಗದ ಹೊಟ್ಟೆ ಟೊಳ್ಳು ಮಾಡಿದ್ದರು. ತುಂಡುಗಳ ಗೆರೆ ಎಲ್ಲಾ ದಿಕ್ಕಿಗೂ ಇರೋದ್ರಿಂದ ಕೋಲು ಹೆಂಗೇ ತಿರುಗಿಸಿ ಹಿಡಿದ್ರೂ ಒಂದೇ ರೀತಿ ಆಡ್ತದೆ. ಎರಡು ನೂರು ವರ್ಷ ಕಣ್ಣಂದಾಜಿನಲ್ಲಿ ನಡೆದ ಕೆಲಸಕ್ಕೆ ಅಳತೆ ಬಂದದ್ದು ಆಗ.

ಮುಂದಿನ ಹೆಜ್ಜೆ ಕಾರ್ಬನ್ ಫೈಬರ್. ಇದೇ ಕಂಪನಿ 2016ರ ಹೊತ್ತಿಗೆ ರೆವೊ ಅನ್ನೋ ಕಾರ್ಬನ್ ಶಾಫ್ಟ್ ತಂತು, ಆಮೇಲೆ ಉಳಿದವರೂ ಬಂದ್ರು. ಕಾರ್ಬನ್ ನೂಲಿನ ಬಟ್ಟೆಯನ್ನ ರಾಳದಲ್ಲಿ ಅದ್ದಿ ಕಬ್ಬಿಣದ ಅಚ್ಚಿಗೆ ಸುತ್ತಿ ಬಿಸಿ ಒಲೆಯಲ್ಲಿ ಬೇಯಿಸ್ತಾರೆ. ಅಚ್ಚು ತೆಗೆದ ಮೇಲೆ ಟೊಳ್ಳು ಕೊಳವೆ, ಒಳಗೆ ಹಗುರ ಫೋಮ್. ತೇವಕ್ಕೂ ಬಿಸಿಲಿಗೂ ಬಾಗಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ನಮ್ಮ ಹವೆಗೆ ಇದು ನಿಜಕ್ಕೂ ಉಪಯೋಗ. ಆದ್ರೆ ಹೆಸರಾದ ಕಂಪನಿಯ ಶಾಫ್ಟ್ ಒಂದಕ್ಕೇ, ಅಂದ್ರೆ ಮುಂದಿನ ಅರ್ಧಕ್ಕೇ, ಅಮೆರಿಕದಲ್ಲಿ ಸುಮಾರು 500 ಡಾಲರ್. ಅದಕ್ಕೆ ಸುಂಕ, ಸಾಗಣೆ ಸೇರಿಸಿ ಲೆಕ್ಕ ಹಾಕ್ರಿ. ಹೊಡೆದಾಗಿನ ಸದ್ದು ಕೂಡ ಬೇರೆ, ಕೆಲವರಿಗೆ ಅದು ಹಿಡಿಸೋದೇ ಇಲ್ಲ. ದೊಡ್ಡ ಸ್ನೂಕರ್ ಆಟಗಾರರಲ್ಲಿ ಹೆಚ್ಚಿನವರ ಕೈಯಲ್ಲಿ ಇನ್ನೂ ಆ್ಯಶ್ ಕೋಲೇ ಇದೆ.

ತುದಿಯ ಚರ್ಮವೂ ಸುಮ್ಮನೆ ಕೂತಿಲ್ಲ. ಮುಂಚೆ ಒಂದೇ ದಪ್ಪ ತುಣುಕು. 1990ರ ದಶಕದಿಂದ ಜಪಾನಿನ ಮೂರಿ, ಆಮೇಲೆ ಕಾಮುಯಿ ಥರದ ಕಂಪನಿಗಳು ಹಂದಿ ಚರ್ಮದ ತೆಳು ಪದರ ಒಂದರ ಮೇಲೊಂದು ಅಂಟಿಸಿದ ತುದಿ ತಂದವು. ಪದರದ್ದು ಬೇಗ ಅಣಬೆಯಂಗೆ ಅರಳೋದಿಲ್ಲ, ಆಕಾರ ಉಳೀತದೆ. ಬ್ರೇಕ್ ಹೊಡೆಯೋಕೆ ಬೇರೆ ಕೋಲು, ಅಡ್ಡ ನಿಂತ ಚೆಂಡಿನ ಮೇಲಿಂದ ಜಿಗಿಸೋಕೆ ಗಿಡ್ಡ ಹಗುರ ಕೋಲು, ಹಿಂಗೆ ಒಂದೊಂದು ಕೆಲಸಕ್ಕೆ ಒಂದೊಂದು ಬಂದಿವೆ. ಇದರಲ್ಲಿ ಅರ್ಧ ಅಗತ್ಯ, ಅರ್ಧ ವ್ಯಾಪಾರ ಅಂತ ನನ್ನ ಅನಿಸಿಕೆ.

ಮರವೇ ಸಿಗದಿದ್ರೆ?

ಕಾರ್ಬನ್ ಬಂದದ್ದಕ್ಕೆ ಆಟ ಒಂದೇ ಕಾರಣ ಅಲ್ಲ. ಒಳ್ಳೆ ಮರ ಕಮ್ಮಿ ಆಗ್ತಿದೆ. 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ರ ಪಚ್ಚೆ ಬಣ್ಣದ ಒಂದು ದುಂಬಿ ಕಂಡುಬಂತು, ಏಷ್ಯಾದಿಂದ ಹೋದದ್ದು. ಅದರ ಹುಳ ಆ್ಯಶ್ ಮರದ ತೊಗಟೆ ಕೆಳಗೆ ಕೊರೆದು ಈವರೆಗೆ ಕೋಟಿಗಟ್ಟಲೆ ಮರ ಒಣಗಿಸಿದೆ. ಯುರೋಪಿನ ಆ್ಯಶ್‌ಗೆ ಶಿಲೀಂಧ್ರ ರೋಗ. ಮೆಣಸಿನ ಗಿಡಕ್ಕೆ ಮುಟುರು ರೋಗ ಬಂದಾಗ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಏನಾಗ್ತದೆ ಅಂತ ಗೊತ್ತಿದ್ದವರಿಗೆ ಕ್ಯೂ ಮಾಡೋರ ಸಂಕಟ ಅರ್ಥ ಆಗ್ತದೆ. ಒಂದು ವ್ಯತ್ಯಾಸ ಅಂದ್ರೆ ಮೆಣಸು ಮುಂದಿನ ವರ್ಷ ಮತ್ತೆ ಹಚ್ಚಬಹುದು, ಕ್ಯೂಗೆ ಬರೋ ಮರ ಬೆಳೆಯೋಕೆ ಹತ್ತಾರು ವರ್ಷ ಬೇಕು.

ಬೀಟೆಯದ್ದು ಇನ್ನೊಂದು ಕಥೆ. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವು. ದೇಶದಿಂದ ದೇಶಕ್ಕೆ ವ್ಯಾಪಾರಕ್ಕೆ ಸಾಗಿಸಬೇಕಂದ್ರೆ ಕಾಗದಪತ್ರ ಬೇಕು. ನಮ್ಮಲ್ಲೂ ಬೀಟೆ ಕಡಿಯೋಕೆ ಅರಣ್ಯ ಇಲಾಖೆ ಪರವಾನಗಿ ಇಲ್ಲದೆ ಆಗೋದಿಲ್ಲ. ಆನೆದಂತದ ಫೆರುಲ್, ದಂತದ ಚಿತ್ತಾರ ಇರೋ ಹಳೇ ಕೋಲುಗಳನ್ನಂತೂ ಮಾರೋದು, ಸಾಗಿಸೋದು ಕೇಸಿಗೆ ದಾರಿ. ಆನ್‌ಲೈನ್‌ನಲ್ಲಿ ಅಂಥದ್ದು ಕಂಡ್ರೆ ದೂರ ಇರ್ರಿ.

ತಗೊಳ್ಳೋರಿಗೆ, ಟೇಬಲ್ ಹಾಕಿದವರಿಗೆ

ಸ್ಟೀಫನ್ ಹೆಂಡ್ರಿ ಅಂತ ಸ್ಕಾಟ್ಲೆಂಡಿನ ಆಟಗಾರ. 1990ರಿಂದ 1999ರ ನಡುವೆ 7 ಸಲ ವಿಶ್ವ ಸ್ನೂಕರ್ ಚಾಂಪಿಯನ್. ಆ ಏಳನ್ನೂ ಗೆದ್ದದ್ದು ಹುಡುಗನಿದ್ದಾಗ ತಗೊಂಡ ಸುಮಾರು 40 ಪೌಂಡಿನ ಸಾದಾ ಕೋಲಿನಲ್ಲಿ. 2003ರಲ್ಲಿ ವಿಮಾನದ ಲಗೇಜಿನಲ್ಲಿ ಅದು ಮುರೀತು. ಎಷ್ಟು ದುಬಾರಿ ಕೋಲು ಬೇಕಿದ್ರೂ ಸಿಗೋ ಮನುಷ್ಯ ಅಷ್ಟು ವರ್ಷ ಅದನ್ನ ಬಿಟ್ಟಿರಲಿಲ್ಲ. ಎರಡು ತಿಂಗಳ ಪಗಾರ ಕೂಡಿಸ್ತಿರೋ ತಮ್ಮಂದಿರಿಗೆ ಇದನ್ನ ಹೇಳಲೇಬೇಕು ಅನ್ನಿಸ್ತು.

ಕೋಲು ಕೊಳ್ಳುವಾಗ ಟೇಬಲ್ ಮೇಲೆ ಉರುಳಿಸಿ ನೋಡೋದಷ್ಟೇ ಸಾಲದು. ಬುಡದಿಂದ ತುದಿಯತ್ತ ಒಂದು ಕಣ್ಣು ಮುಚ್ಚಿ, ಬಡಿಗೇರರು ಹಲಗೆ ನೋಡೋ ಹಂಗ ನೋಡಬೇಕು, ನಿಧಾನಕ್ಕೆ ತಿರುಗಿಸ್ತಾ. ಎರಡು ತುಂಡಿನ ಕೋಲಾದ್ರೆ ಜೋಡಣೆ ಹತ್ರ ಉಗುರು ಆಡಿಸಿದ್ರೆ ಮೆಟ್ಟಿಲು ಸಿಗಬಾರದು. ಕಾರ್ಬನ್ ಅಂತ ಅಗ್ಗಕ್ಕೆ ಕೊಡೋ ಕರೀ ಕೋಲುಗಳಲ್ಲಿ ಮೇಲೆ ಕಾರ್ಬನ್ ಥರ ಡಿಸೈನ್ ಹಾಳೆ, ಒಳಗೆ ಫೈಬರ್ ಗ್ಲಾಸೋ ಕಟ್ಟಿಗೆಯೋ ಇರಬಹುದು. ಬಿಲ್ ಮೇಲೆ ಏನು ಬರೆದಿದೆ ನೋಡ್ರಿ, ವಾಪಸ್ ತಗೋತಾರಾ ಕೇಳ್ರಿ.

ಅಂಗಡಿಯವರಿಗೆ ಒಂದು ಮಾತು. ಟೇಬಲ್ಲಿನ ಬಟ್ಟೆ ಹರಿಯೋದು ಹೆಚ್ಚಾಗಿ ಚರ್ಮ ಸವೆದು ಹಿತ್ತಾಳೆ ಹೊರಗೆ ಬಂದ ಕೋಲಿನಿಂದ. ಬಟ್ಟೆ ಬದಲಿಸೋ ಖರ್ಚಿನ ಮುಂದೆ ತುದಿಯ ಚರ್ಮದ ಖರ್ಚು ಏನೂ ಅಲ್ಲ. ಅದನ್ನ ಬದಲಿಸೋಕೆ ಹುಬ್ಬಳ್ಳಿಗೆ ಕಳಿಸೋ ಅಗತ್ಯವೂ ಇಲ್ಲ. ಹಳೇದನ್ನ ಬ್ಲೇಡಿನಿಂದ ತೆಗೆದು, ಫೆರುಲ್ ಮೇಲ್ಮೈ ಸಪಾಟಾಗೋವರೆಗೆ ಸ್ಯಾಂಡ್ ಪೇಪರ್ ಮೇಲೆ ನೆಟ್ಟಗೆ ಉಜ್ಜಬೇಕು. ಹೊಸ ತುದಿಯ ಬೆನ್ನನ್ನೂ ಉಜ್ಜಬೇಕು, ಹೊಳಪು ಹೋಗಬೇಕು. ಎರಡು ಹನಿ ಫೆವಿಕ್ವಿಕ್ ಥರದ ಅಂಟು, ಒತ್ತಿ ಹಿಡಿಯೋದು, ಅರ್ಧ ತಾಸು ಮುಟ್ಟಬಾರದು. ಆಮೇಲೆ ಕೋಲನ್ನ ತಲೆಕೆಳಗೆ ಹಲಗೆ ಮೇಲೆ ಊರಿ ಹೊರಗೆ ಚಾಚಿದ ಚರ್ಮ ಕೊಯ್ದು, ಮೇಲ್ಭಾಗ ಒಂದು ರೂಪಾಯಿ ನಾಣ್ಯದ ಅಂಚಿನಷ್ಟು ದುಂಡಗೆ ಮಾಡಿದ್ರೆ ಆಯ್ತು.

ಹಿತ್ತಾಳೆ ಫೆರುಲ್ ಸೀಳಿದ್ರೆ ಹೊಸ ಕೋಲು ಕೊಳ್ಳೋದು ಬೇಡ. ಪಂಪ್‌ಸೆಟ್, ಕೃಷಿ ಉಪಕರಣದ ಬಿಡಿಭಾಗ ತಿರುವೋ ಲೇಥ್ ಕೆಲಸದವರು ರಾಣೆಬೆನ್ನೂರು, ಹಾವೇರಿ ಎರಡೂ ಕಡೆ ಇದ್ದಾರೆ. ಹಳೇ ಫೆರುಲ್ ಮಾದರಿಗೆ ತೋರಿಸಿ, ಹಿತ್ತಾಳೆ ರಾಡಿನಲ್ಲಿ ಅದೇ ಅಳತೆಗೆ ತಿರುವಿ ಕೊಡು ಅಂದ್ರೆ ಅವರ ಕೈಗೆ ಅದು ಸಣ್ಣ ಕೆಲಸ. ಒಂದಕ್ಕೆ ಕೇಳಿದ್ರೆ ಮಷಿನ್ ಹಚ್ಚೋಕೂ ಬೇಸರ ಮಾಡ್ತಾರೆ, ಆರು ಒಟ್ಟಿಗೆ ಮಾಡಿಸ್ರಿ.

ಕೋಲುಗಳನ್ನ ಬಾಗಿಲ ಹತ್ರ ಬಿಸಿಲು ಬೀಳೋ ಗೋಡೆಗೆ ಆನಿಸಿ ಇಡಬಾರದು, ಮಳೆಗಾಲದಲ್ಲಿ ಸಿಮೆಂಟ್ ನೆಲಕ್ಕೂ ನೇರ ತಾಗಿಸಬಾರದು. ಬಡಿಗೇರರಿಗೆ ಹೇಳಿ ಒಂದು ಹಲಗೆಗೆ ತೂತು, ಮೇಲೊಂದು ಪಟ್ಟಿಗೆ ಅರ್ಧಚಂದ್ರ ಕೊಯ್ಸಿದ್ರೆ ಸ್ಟ್ಯಾಂಡ್ ತಯಾರು, ಕೋಲು ನೆಟ್ಟಗೆ ನಿಲ್ತವೆ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನಪೂರ್ತಿ ಬಿಟ್ಟ ಕಟ್ಟಿಗೆ ಕೋಲಿಗೆ ಮಾತ್ರ ಯಾವ ಸ್ಟ್ಯಾಂಡೂ ಕೆಲಸಕ್ಕೆ ಬರೋದಿಲ್ಲ.